ಓಪನ್ ಗಾಲ್ಫ್ ಭಾನುವಾರದ ಟಿಕೆಟ್: ಸ್ಟಾರ್ ಹಿಂದೆ ಓಡಿದ್ರೆ ದಂಡ, ಯಾರೂ ಕೇಳದೋರ ಹಿಂದೆ ನಡೆದ್ರೆ ವಸೂಲು

ನಮ್ಮೋರ ವಾಟ್ಸಾಪ್ ಗ್ರೂಪಲ್ಲಿ ಪ್ರತಿ ಬೇಸಿಗೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಗಾಲ್ಫ್ ಓಪನ್‌ಗೆ ದುಡ್ಡು ಕೊಟ್ಟು ಹೋಗೋದ್ರಲ್ಲಿ ಅರ್ಥ ಇದ್ಯಾ ಇಲ್ಲ ಮನೇಲಿ ಟಿವಿ ಹಾಕ್ಕೊಂಡು ಕೂತ್ರೆ ಸಾಕಾ ಅಂತ. ನಾನು ಪ್ರತಿ ಸಲ ತುಂಡು ತುಂಡಾಗಿ ಟೈಪ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಪೂರ್ತಿ ಬರೆದು ಇಟ್ಬಿಡ್ತೀನಿ, ಇನ್ಮೇಲೆ ಯಾರು ಕೇಳಿದ್ರೂ ಲಿಂಕ್ ಬಿಸಾಕೋದು ಅಷ್ಟೆ.

ನಾನು ಹೋಗಿದ್ದು 2023ರ ಜುಲೈ 23, ಭಾನುವಾರ, 151ನೇ ಓಪನ್ ಅನ್ನೋ ದೊಡ್ಡ ಗಾಲ್ಫ್ ಟೂರ್ನಮೆಂಟಿನ ಕೊನೇ ದಿನ, ಇಂಗ್ಲೆಂಡಲ್ಲಿ ಲಿವರ್‌ಪೂಲ್ ಹತ್ರ ಹಾಯ್‌ಲೇಕ್ ಅನ್ನೋ ಊರಲ್ಲಿರೋ ರಾಯಲ್ ಲಿವರ್‌ಪೂಲ್ ಕ್ಲಬ್‌ಗೆ. ಜೊತೆಗೆ ಅಪ್ಪ. ಅಪ್ಪ ಹಾಸನದಿಂದ ಮೂರು ತಿಂಗಳು ಇರೋಕೆ ಅಂತ ಬಂದಿದ್ರು, ಬಸ್ ಕಂಡಕ್ಟರ್ ಆಗಿ ರಿಟೈರ್ ಆದೋರು, ಗಾಲ್ಫ್ ಅಂದ್ರೆ ಬೆಂಗಳೂರಲ್ಲಿ ಹೈಗ್ರೌಂಡ್ಸ್ ಕಡೆ ಬಸ್ಸಲ್ಲಿ ಹೋಗುವಾಗ ಕಾಂಪೌಂಡ್ ಆಚೆ ಕಾಣೋ ಹಸಿರು ಹುಲ್ಲು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಟಿಕೆಟ್ ಬೆಲೆ ಎಷ್ಟು ಅಂತ ಕೇಳಿದ್ರು, "ಆಫೀಸಲ್ಲಿ ಕೊಟ್ರು ಅಪ್ಪಾ" ಅಂತ ಸುಳ್ಳು ಹೇಳ್ದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ, ಈ ಪೋಸ್ಟ್ ಯಾರೂ ಅವರಿಗೆ ಫಾರ್ವರ್ಡ್ ಮಾಡಬೇಡಿ.

ಮೊದಲು ಸೌಕರ್ಯದ ವಿಷಯ ಬೇಗ ಮುಗಿಸ್ತೀನಿ. ಟಿಕೆಟ್ ಬೇಕು ಅಂದ್ರೆ ಒಂದು ವರ್ಷ ಮುಂಚೆನೇ ಆನ್‌ಲೈನ್ ಬ್ಯಾಲಟ್‌ಗೆ ಹೆಸರು ಹಾಕಬೇಕು, ಚೀಟಿ ಎತ್ತೋ ಥರ, ಬಂದ್ರೆ ಬಂತು. ಲಿವರ್‌ಪೂಲಿಂದ ಟ್ರೈನ್ ಇದೆ, ಹಾಯ್‌ಲೇಕ್ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡೇ ಹೋಗಬಹುದು, ಕಾರ್ ತಗೊಂಡು ಹೋಗೋ ಸಾಹಸ ಬೇಡ. ಒಳಗೆ ಕುಡಿಯೋ ನೀರು ಫ್ರೀ, ಬಾಟಲ್ ತುಂಬಿಸ್ಕೊಳ್ಳೋಕೆ ಅಲ್ಲಲ್ಲಿ ನಲ್ಲಿ ಇದೆ. ಮಕ್ಕಳಿಗೆ ಟಿಕೆಟ್ ಫ್ರೀ ಇತ್ತು. ಫೋನ್ ಬಿಡ್ತಾರೆ ಆದ್ರೆ ಸೈಲೆಂಟ್. ಟಾಯ್ಲೆಟ್ ಕ್ಲೀನಾಗಿತ್ತು, ಇದನ್ನ ಅಪ್ಪ ನಾಲ್ಕು ಸಲ ಹೇಳಿದ್ರು, ಬಸ್ ಸ್ಟ್ಯಾಂಡಲ್ಲಿ ಜೀವನ ಕಳೆದೋರ ಸರ್ಟಿಫಿಕೇಟು ಅಂದ್ರೆ ಸುಮ್ನೆ ಅಲ್ಲ.

ಬೈಗುಳ ಎರಡೇ ಎರಡು. ಒಂದು, ಒಂದು ಸ್ಟಾಲಲ್ಲಿ ತಗೊಂಡ ಚಿಪ್ಸು ಆಲೂಗಡ್ಡೆನೋ ಒದ್ದೆ ಬತ್ತಿನೋ ಗೊತ್ತಾಗ್ತಿರಲಿಲ್ಲ, ಅಷ್ಟು ತಣ್ಣಗೆ, ಜೊತೆಗೆ ಕಾರ್ಡ್ ಮಶೀನ್ ಎರಡು ಸಲ ಬೀಪ್ ಅಂತು, ಒಂದು ಸಲದ ದುಡ್ಡು ವಾಪಸ್ ಬರೋಕೆ ಒಂದು ವಾರ. ಹೆಸರು ಬೇಡ ಬಿಡಿ. ಇನ್ನೊಂದು ನಮ್ಮದೇ ತಪ್ಪು ಅಂದ್ಕೊಳ್ಳಿ, ನಮ್ಮೂರ ಅಂಗಡೀಲಿ ವಾಟರ್‌ಪ್ರೂಫ್ ಅಂತ ದೊಡ್ಡದಾಗಿ ಬರೆದಿದ್ದ ಜಾಕೆಟ್ ಅಪ್ಪನಿಗೆ ಕೊಡಿಸಿದ್ದೆ, ಒಂದು ಗಂಟೆ ಮಳೆಗೆ ಅದು ಒಳಗಡೆ ಬನಿಯನ್ ತನಕ ನೀರು ಇಳಿಸ್ತು. ಆ ಭಾನುವಾರ ಮಳೆ ಅಂದ್ರೆ ನಮ್ಮ ಸಕಲೇಶಪುರದ ಥರ, ಜೋರೂ ಇಲ್ಲ, ನಿಲ್ಲೋದೂ ಇಲ್ಲ. ಬೂಟು ಮುಖ್ಯ ಗುರೂ, ಬೇರೆ ಏನು ಮರೆತ್ರೂ ಗಟ್ಟಿ ಬೂಟು ಮರೀಬೇಡಿ.

ಸರಿ ಈಗ ಆಟ. ಟಿಕೆಟ್ ತಗೊಂಡು ಮೊದಲ ಸಲ ಹೋಗೋರಿಗೆ ಯಾರೂ ಹೇಳದೇ ಇರೋ ಸತ್ಯ ಏನಂದ್ರೆ ಅಲ್ಲಿ ನಿಮಗೆ ಆಟ ಕಾಣಲ್ಲ. 18 ಹೋಲು (ಒಂದೊಂದು ಹೋಲೂ ಬಾಲ್ ಗುಂಡಿಗೆ ಹಾಕೋ ತನಕದ ಒಂದು ಉದ್ದನೆ ಅಂಕಣ), ಕಿಲೋಮೀಟರ್ ಗಟ್ಟಲೆ ಜಾಗ, ಒಂದೇ ಟೈಮಲ್ಲಿ ಎಲ್ಲಾ ಕಡೆ ಆಡ್ತಿರ್ತಾರೆ, ನೀವು ನಿಂತಿರೋ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ದೂರದಿಂದ ಕೇಳೋ ಕೂಗು ಅಷ್ಟೆ. ಆ ವಾರ ಒಟ್ಟು 2 ಲಕ್ಷ 60 ಸಾವಿರದಷ್ಟು ಜನ ಬಂದಿದ್ರು. ಅದರಲ್ಲಿ ಅರ್ಧ ಜನ ಸ್ಟಾರ್ ಆಟಗಾರ ರೋರಿ ಮೆಕ್‌ಇಲ್ರಾಯ್ ಹಿಂದೆ. ಯಾಕಿಲ್ಲ ಹೇಳಿ, 2014ರಲ್ಲಿ ಇದೇ ಹಾಯ್‌ಲೇಕಲ್ಲಿ ಗೆದ್ದೋನು, ಹಿಂದಿನ ವಾರ ತಾನೇ ಸ್ಕಾಟಿಷ್ ಓಪನ್ ಹೊಡ್ಕೊಂಡು ಬಂದಿದ್ದ. ನಾವೂ ಕುರಿ ಥರ ಅವನ ಹಿಂದೇನೇ ಹೋದ್ವಿ. ಮುಕ್ಕಾಲು ಗಂಟೆ ನಡೆದು ಕಂಡಿದ್ದೇನು, ಛತ್ರಿ. ಬಿಳಿ ಛತ್ರಿ, ಕರಿ ಛತ್ರಿ, ಮಧ್ಯೆ ಒಂದು ಸಲ ಕ್ಲಬ್ಬಿನ, ಅಂದ್ರೆ ಬಾಲ್ ಹೊಡೆಯೋ ಕೋಲಿನ, ತುದಿ ಮೇಲಕ್ಕೆ ಹೋಗಿದ್ದು ಮಿಂಚಿತು, ಎಲ್ಲರೂ ಓ ಅಂದ್ರು, ನಾವೂ ಓ ಅಂದ್ವಿ. ಅಪ್ಪ ಕೇಳಿದ್ರು, "ಏನಾಯ್ತೋ?" "ಗೊತ್ತಿಲ್ಲಪ್ಪಾ." "ಮತ್ಯಾಕೆ ಕೂಗ್ದೆ?"

ಆಮೇಲೆ ಅಪ್ಪಾನೇ ದಾರಿ ತೋರಿಸಿದ್ದು. ಆ ದಿನ ಯಾರು ಯಾರ ಜೊತೆ ಎಷ್ಟು ಗಂಟೆಗೆ ಆಡ್ತಾರೆ ಅನ್ನೋ ಒಂದು ಪಟ್ಟಿ ಕೈಲಿತ್ತು, ಅಪ್ಪ ಅದನ್ನ ವೇಬಿಲ್ ಥರ ನಾಲ್ಕು ಮಡಿಕೆ ಮಡಚಿ ಜೇಬಲ್ಲಿಟ್ಕೊಂಡು ಆಗಾಗ ತೆಗೆದು ಪೆನ್ನಲ್ಲಿ ಟಿಕ್ ಹಾಕ್ತಿದ್ರು. ಅದರಲ್ಲಿ ಬೆರಳಿಟ್ಟು "ಇವನ್ಯಾರೋ ಶರ್ಮಾ, ನಮ್ಮೋನಾ?" ಅಂದ್ರು. ಶುಭಂಕರ್ ಶರ್ಮಾ, ಚಂಡೀಗಢದ ಹುಡುಗ, ಆ ಶುಕ್ರವಾರ ಅಷ್ಟೇ 27 ತುಂಬಿತ್ತು. ನಾನು ಟಿವೀಲಿ ಮೂರು ದಿನದಿಂದ ಸ್ಕೋರ್ ನೋಡಿದ್ದೆ, 68, 71, 70 (ದಿನಕ್ಕೆ ಎಷ್ಟು ಏಟು ಅಂತ ಲೆಕ್ಕ, ಕಮ್ಮಿ ಆದಷ್ಟೂ ಒಳ್ಳೇದು), ಆದ್ರೂ ಅವನ ಹಿಂದೆ ಹೋಗೋಣ ಅನ್ನೋ ಬುದ್ಧಿ ನನಗೆ ಬಂದಿರಲಿಲ್ಲ. ನೋಡಿ ನಾವು ಎಂಥಾ ಜನ.

ಹೋದ್ವಿ. ಅಲ್ಲಿ ಜಾಗ ಅಂದ್ರೆ ಜಾಗ. ಹಗ್ಗದ ಪಕ್ಕದಲ್ಲೇ ನಿಂತ್ವಿ, ಪಂಜಾಬಿ ಮಾತಾಡೋ ಒಂದು ಸಂಸಾರ, ಒಬ್ಬ ಸ್ಕಾಟ್ಲೆಂಡ್ ಅಜ್ಜ, ನಾವು, ಇನ್ನು ಒಂದಷ್ಟು ಜನ. ಶುಭಂಕರ್ ನಮ್ಮಿಂದ ಹತ್ತು ಹದಿನೈದು ಹೆಜ್ಜೆ ಅಷ್ಟೆ. ಬ್ಯಾಗ್ ಹೊರೋ ಕ್ಯಾಡಿ ಛತ್ರಿ ಹಿಡಿದಿದ್ದ, ಛತ್ರಿ ಒಳಗಡೆ ಕಡ್ಡಿಗೆ ಒಂದು ಟವೆಲ್ ನೇತಾಕಿತ್ತು, ಒಣಗಿರೋದು ಅದೊಂದೇ ಅನ್ಸುತ್ತೆ ಇಡೀ ಊರಲ್ಲಿ. ಹೊಡೆಯೋ ಮುಂಚೆ ಅದರಲ್ಲಿ ಕ್ಲಬ್ಬಿನ ಹಿಡಿ ಒರೆಸ್ದ, ಗ್ಲೌಸ್ ಹಾಕ್ಕೊಂಡ, ಛತ್ರಿ ಕೆಳಗಿಂದ ಆಚೆ ಬಂದ, ಬಂದೋನು ಒಂದು ಕ್ಷಣ ತಡ ಮಾಡ್ಲಿಲ್ಲ, ಯಾಕಂದ್ರೆ ತಡ ಮಾಡಿದಷ್ಟೂ ಹಿಡಿ ಒದ್ದೆ ಆಗುತ್ತಲ್ಲ, ಹೊಡೆದ. ಆ ಸದ್ದು ಟಿವೀಲಿ ಬರಲ್ಲ ಸಾರ್. ಒದ್ದೆ ಹುಲ್ಲು, ಬಾಲು, ಮಣ್ಣು ಮೂರೂ ಸೇರಿ ಒಂದು ಪಚಕ್, ಅದರ ಒಳಗಿಂದ ಒಂದು ಟಕ್. ಮಣ್ಣಿನ ಹೆಂಟೆ ನಮ್ಮ ಕಡೆಗೇ ಹಾರಿ ಬಿತ್ತು. ಬಾಲು ಬೂದಿ ಬಣ್ಣದ ಆಕಾಶದಲ್ಲಿ ಮಾಯ ಆಯ್ತು, ಅಪ್ಪನ ಕಣ್ಣಿಗೆ ಮಾತ್ರ ಕಾಣ್ತಿತ್ತಂತೆ, "ಬಿತ್ತು ಬಿತ್ತು, ಸರಿಯಾಗೇ ಬಿತ್ತು" ಅಂದ್ರು. ಅವರಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿದೆ ಎರಡೂ ಕಣ್ಣಿಗೆ, ಆದ್ರೂ ನಾನೇನೂ ವಾದ ಮಾಡ್ಲಿಲ್ಲ.

ಲೆಕ್ಕ ಹೇಳಿಕೊಡೋಕೆ ಸ್ವಲ್ಪ ಹೊತ್ತು ಹಿಡೀತು. ಪಾರ್ ಅಂದ್ರೆ ಇಷ್ಟು ಏಟಲ್ಲಿ ಗುಂಡಿಗೆ ಹಾಕಬೇಕು ಅಂತ ಲೆಕ್ಕ, ಒಂದು ಕಮ್ಮಿ ಆದ್ರೆ ಬರ್ಡಿ, ಒಂದು ಜಾಸ್ತಿ ಆದ್ರೆ ಬೋಗಿ. "ಬೋಗಿ ಅಂದ್ರೆ ರೈಲಿಂದು ಅಲ್ವೇನೋ?" ಅಂದ್ರು. ಹೌದು ಅಂದ್ಕೊಳ್ಳಿ ಅಪ್ಪಾ, ಹಿಂದೆ ಒಂದು ಎಕ್ಸ್‌ಟ್ರಾ ಬೋಗಿ ಸೇರಿಸಿದ್ರೆ ಗಾಡಿ ಭಾರ ಆಗುತ್ತಲ್ಲ, ಹಂಗೆ. ಆಮೇಲಿಂದ ಯಾರಿಗೆ ಬೋಗಿ ಆದ್ರೂ "ಒಂದು ಡಬ್ಬಿ ಜಾಯ್ನ್ ಆಯ್ತು" ಅನ್ನೋರು.

ಶುಭಂಕರ್ ಕೊನೇ ದಿನವೂ 70 ಹೊಡೆದ, ಒಟ್ಟು 279, 5 ಅಂಡರ್ ಅಂದ್ರೆ ಪಾರ್‌ಗಿಂತ ಐದು ಏಟು ಕಮ್ಮಿ, ಕ್ಯಾಮೆರಾನ್ ಯಂಗ್ ಜೊತೆ ಎಂಟನೇ ಸ್ಥಾನ. ಇದು ಎಷ್ಟು ದೊಡ್ಡದು ಅಂತ ನಮ್ಮ ಪೇಪರ್‌ಗಳು ಸರಿಯಾಗಿ ಹೇಳ್ಲೇ ಇಲ್ಲ ಅನ್ನೋದು ನನ್ನ ಕಂಪ್ಲೇಂಟು. ಓಪನ್‌ನಲ್ಲಿ ಅದಕ್ಕೆ ಮುಂಚೆ ನಮ್ಮೋರ ಬೆಸ್ಟು ಅಂದ್ರೆ 2004ರಲ್ಲಿ ಜ್ಯೋತಿ ರಂಧಾವಾ ಅವರ 27ನೇ ಸ್ಥಾನ. ಮೇಜರ್ ಅನ್ನೋ ನಾಲ್ಕು ದೊಡ್ಡ ಟೂರ್ನಮೆಂಟ್ (ಓಪನ್ ಅದರಲ್ಲೊಂದು) ಸೇರಿಸಿದ್ರೂ ಇದಕ್ಕಿಂತ ಮೇಲೆ ಇರೋದು ಬೆಂಗಳೂರಲ್ಲಿ ಅಭ್ಯಾಸ ಮಾಡಿದ ಅನಿರ್ಬನ್ ಲಾಹಿರಿ ಒಬ್ರೇ, 2015ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಐದನೇ ಸ್ಥಾನ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇದು ಬಂದಾಗ ಬೆಳಗಿನ ಜಾವ ಎದ್ದು ಕೂತು ನೋಡಿದ ಜನ ನಾವು, ಒಂದೇ ಒಂದು ಏಟಲ್ಲಿ ಕಂಚು ಹೋಯ್ತು. ಆಮೇಲೆ ಎರಡು ದಿನ ಎಲ್ಲರೂ ಗಾಲ್ಫ್ ಪಂಡಿತರು, ಮೂರನೇ ದಿನ ಮತ್ತೆ ಕ್ರಿಕೆಟ್ಟು. ಈ ಶುಭಂಕರ್‌ಗೆ ಆ ಎರಡು ದಿನವೂ ಸಿಗ್ಲಿಲ್ಲ.

ಇನ್ನೊಬ್ಬನ ಕಥೆ ಹೇಳ್ದೆ ಹೋದ್ರೆ ಪಾಪ. ಮ್ಯಾಥ್ಯೂ ಜೋರ್ಡಾನ್. ಇದೇ ಕ್ಲಬ್ಬಿನ ಮೆಂಬರ್ರು, ಚಿಕ್ಕಂದಿನಿಂದ ಇದೇ ಹುಲ್ಲಲ್ಲಿ ಆಡ್ಕೊಂಡು ಬೆಳೆದೋನು, ಆದ್ರೆ ಅವನಿಗೆ ನೇರ ಎಂಟ್ರಿ ಇರಲಿಲ್ಲ, ಹತ್ತಿರದ ವೆಸ್ಟ್ ಲ್ಯಾಂಕಶೈರಲ್ಲಿ ಕ್ವಾಲಿಫೈಯಿಂಗ್ ಆಡಿ ಗೆದ್ದು ಬಂದಿದ್ದ. ಗುರುವಾರ ಬೆಳಿಗ್ಗೆ 6:35ಕ್ಕೆ ಇಡೀ ಟೂರ್ನಮೆಂಟಿನ ಮೊದಲ ಏಟು ಹೊಡೆಯೋ ಅವಕಾಶ ಅವನಿಗೆ ಕೊಟ್ರು. ಸ್ವಂತ ಊರ ಜಾತ್ರೇಲಿ ತೇರಿಗೆ ಮೊದಲು ಕೈ ಹಾಕಿದ ಹಾಗೆ. ಮರ್ಯಾದೆಗೆ ಕೊಟ್ಟ ಅವಕಾಶ, ಎರಡು ದಿನ ಆಡಿ ಮನೆಗೆ ಹೋಗ್ತಾನೆ ಅಂತ ಜನ ಅಂದ್ಕೊಂಡಿದ್ರು, ಆ ಮನುಷ್ಯ ಹತ್ತನೇ ಸ್ಥಾನಕ್ಕೆ ಬಂದು ಕೂತ, ಆ ಲೆಕ್ಕದಲ್ಲಿ ಮುಂದಿನ ವರ್ಷದ ಓಪನ್‌ಗೆ ನೇರ ಎಂಟ್ರಿ. 2024ರಲ್ಲಿ ಓಪನ್ ನಡೆದ ಸ್ಕಾಟ್ಲೆಂಡಿನ ಟ್ರೂನ್‌ಗೆ ಹೋಗಿ ಅಲ್ಲೂ ಹತ್ತನೇದೇ! ಭಾನುವಾರ ಅವನು ಪಕ್ಕದ ಹೋಲಲ್ಲಿ ನಡ್ಕೊಂಡು ಹೋಗ್ತಿದ್ದಾಗ ಜನ ಹೆಸರಿಡಿದು ಕೂಗ್ತಿದ್ದ ರೀತಿ ಬೇರೆನೇ, ಸ್ಟಾರ್‌ಗೆ ಕೂಗೋ ಥರ ಅಲ್ಲ, ಬೀದಿ ಹುಡುಗ ರ‍್ಯಾಂಕ್ ಬಂದಾಗ ಕೂಗ್ತಾರಲ್ಲ ಹಂಗೆ.

ಉಲ್ಟಾ ಕೇಸೂ ಇತ್ತು. ಕ್ರಿಸ್ಟೋ ಲ್ಯಾಂಪ್ರೆಕ್ಟ್ ಅಂತ ದಕ್ಷಿಣ ಆಫ್ರಿಕಾದ ಕಾಲೇಜು ಹುಡುಗ, 6 ಅಡಿ 8 ಇಂಚು, ಅಮೆಚೂರ್, ಅಂದ್ರೆ ದುಡ್ಡಿಗೆ ಆಡೋನಲ್ಲ. ಗುರುವಾರ 66 ಹೊಡೆದು ಟಾಮಿ ಫ್ಲೀಟ್‌ವುಡ್, ಎಮಿಲಿಯಾನೋ ಗ್ರಿಲ್ಲೋ ಜೊತೆ ಲೀಡಲ್ಲಿ ಕೂತಿದ್ದ. ಕೊನೆಗೆ ಕಟ್ ದಾಟಿದ, ಅಂದ್ರೆ ಎರಡು ದಿನ ಆದ್ಮೇಲೂ ಆಟದಲ್ಲಿ ಉಳಿದ, ಒಬ್ಬನೇ ಅಮೆಚೂರ್, ಬೆಳ್ಳಿ ಪದಕ ಅವನಿಗೇ, ಆದ್ರೆ ಲಿಸ್ಟಲ್ಲಿ ಪೂರ್ತಿ ಕೆಳಗೆ. ಅದೇ ಗುರುವಾರ ಎರಡು ಮೇಜರ್ ಗೆದ್ದಿರೋ ಜಸ್ಟಿನ್ ಥಾಮಸ್ 18ನೇ ಹೋಲಲ್ಲಿ 9 ಏಟು ತಿಂದು 82 ಹೊಡೆದ. ಆ ಹೋಲು 609 ಗಜ, ಬಲಗಡೆ ಇಡೀ ಪ್ರಾಕ್ಟೀಸ್ ಜಾಗ ಔಟ್ ಆಫ್ ಬೌಂಡ್ಸು, ಅಂದ್ರೆ ಕ್ಲಬ್ಬಿನ ಒಳಗಡೆನೇ ಬಾಲ್ ಬಿದ್ರೂ ಆಚೆ ಬಿದ್ದ ಲೆಕ್ಕ. ನಮ್ಮ ಮನೆ ಅಂಗಳದಲ್ಲಿ ಆಡುವಾಗ ಪಕ್ಕದ ಮನೆ ಆಂಟಿ ಸೈಟಿಗೆ ಬಾಲ್ ಹೋದ್ರೆ ಔಟ್ ಅಂತ ಇರ್ತಿತ್ತಲ್ಲ, ಅದೇ ರೂಲ್ಸು.

ಬಂಕರ್ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಈ ಎಲ್ಲಾ ಅಚ್ಚರಿಗೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ. ಅಲ್ಲಿನ ಬಂಕರ್ ಅಂದ್ರೆ ಮರಳಿನ ಗುಂಡಿ ಅಲ್ಲ, ಬಾವಿ. ಸುತ್ತ ಹುಲ್ಲಿನ ಹೆಂಟೆ ಒಂದರ ಮೇಲೊಂದು ಜೋಡಿಸಿ ಗೋಡೆ ಕಟ್ಟಿದಾರೆ. ಗುರುವಾರ ತಳ ಪೂರ್ತಿ ಸಪಾಟಾಗಿತ್ತು, ಒಳಗೆ ಬಿದ್ದ ಬಾಲು ಉರುಳ್ಕೊಂಡು ಹೋಗಿ ಗೋಡೆಗೆ ಅಂಟಿ ಕೂತ್ಕೊಳ್ತಿತ್ತು, ದೊಡ್ಡ ದೊಡ್ಡೋರೆಲ್ಲ ಹಿಂದಕ್ಕೆ ಹೊಡ್ಕೊಂಡು ಆಚೆ ಬರಬೇಕಾಯ್ತು. ಗಲಾಟೆ ಆದ್ಮೇಲೆ ಶುಕ್ರವಾರಕ್ಕೆ ಅಂಚಿನ ಮರಳನ್ನ ಸ್ವಲ್ಪ ಏರಿಸಿ ಎಳೆದ್ರು. ಇಂಥಾ ಕಡೆ ತುಂಬಾ ದೂರ ಹೊಡೆಯೋ ಪೈಲ್ವಾನ್‌ಗಿಂತ ಬಂಕರ್ ತಪ್ಪಿಸ್ಕೊಂಡು ಸಣ್ಣ ಸಣ್ಣದಾಗಿ ಹೋಗೋನೇ ವಾಸಿ. 2006ರಲ್ಲಿ ಇಲ್ಲಿ ಟೈಗರ್ ವುಡ್ಸ್ ಗೆದ್ದಾಗ ನಾಲ್ಕು ದಿನದಲ್ಲಿ ಡ್ರೈವರ್ (ತುಂಬಾ ದೂರ ಹೊಡೆಯೋ ಕ್ಲಬ್) ತೆಗೆದಿದ್ದು ಒಂದೇ ಒಂದು ಸಲ.

ಅದಕ್ಕೇ ಬ್ರಯಾನ್ ಹಾರ್ಮನ್ ಗೆದ್ದ ಅನ್ಸುತ್ತೆ. ಹಾರ್ಮನ್ ಯಾರು? ಅಮೆರಿಕದ ಜಾರ್ಜಿಯಾದೋನು, 5 ಅಡಿ 7 ಇಂಚು, ಎಡಗೈ ಆಟ, 36 ವರ್ಷ, ವರ್ಲ್ಡ್ ರ‍್ಯಾಂಕ್ 26. ಪೂರ್ತಿ ಗೊತ್ತಿಲ್ಲದೋನೇನಲ್ಲ, ಆದ್ರೆ 2017 ಆದ್ಮೇಲೆ ಒಂದೂ ಟೂರ್ನಮೆಂಟ್ ಗೆದ್ದಿರಲಿಲ್ಲ, ಮೇಜರ್ ಅಂತೂ ಇಲ್ವೇ ಇಲ್ಲ. ಶುಕ್ರವಾರ ಎರಡನೇ ಹೋಲಿಂದ ಸಾಲಾಗಿ ನಾಲ್ಕು ಬರ್ಡಿ, ಆಮೇಲೆ ಸುಮ್ನೆ ಪಾರ್ ಪಾರ್ ಪಾರ್ ಅಂತ ಬಂದು 18ರಲ್ಲಿ ಈಗಲ್ (ಪಾರ್‌ಗಿಂತ ಎರಡು ಏಟು ಕಮ್ಮಿ), 65. ಅರ್ಧ ದಾರೀಲೇ ಐದು ಏಟಿನ ಲೀಡು. ಊರ ಜನಕ್ಕೆ ಸಿಟ್ಟು, ಅವರಿಗೆ ಫ್ಲೀಟ್‌ವುಡ್ ಬೇಕು, ಮೆಕ್‌ಇಲ್ರಾಯ್ ಬೇಕು. ಶನಿವಾರ ಶುರುವಿನಲ್ಲಿ ಎರಡು ಬೋಗಿ ಆದಾಗ ಯಾರೋ ಒಬ್ಬ ಹಗ್ಗದ ಆಚೆಯಿಂದ ನಿನಗೆ ಇದಕ್ಕೆಲ್ಲ ಗುಂಡಿಗೆ ಇಲ್ಲ ಕಣೋ ಅನ್ನೋ ಅರ್ಥದಲ್ಲಿ ಕಿಚಾಯಿಸಿದ್ನಂತೆ, ಅದೇ ನನಗೆ ಒಳ್ಳೇದಾಯ್ತು ಅಂತ ಹಾರ್ಮನ್ನೇ ಆಮೇಲೆ ಹೇಳಿದ್ದ. ಬೇಟೆ ಆಡೋನು, ತೋಟಕ್ಕೆ ಹೊಸ ಟ್ರ್ಯಾಕ್ಟರ್ ತಗೊಂಡಿದೀನಿ ಅಂತ ಪ್ರೆಸ್‌ಮೀಟಲ್ಲಿ ಖುಷಿಯಾಗಿ ಹೇಳ್ಕೊಳ್ಳೋನು. ಟ್ರ್ಯಾಕ್ಟರ್ ವಿಷಯ ಹೇಳಿದ ಮೇಲೆ ಅಪ್ಪ ಪೂರ್ತಿ ಅವನ ಪಾರ್ಟಿ.

ಭಾನುವಾರ ಅವನಿಗೆ ಎರಡನೇ ಹೋಲಲ್ಲೂ ಐದನೇದ್ರಲ್ಲೂ ಬೋಗಿ ಆಯ್ತು, ಸುತ್ತ ಇದ್ದೋರ ಮುಖ ಅರಳಿದ್ದನ್ನ ನಾನೇ ನೋಡ್ದೆ. ಆರು ಏಳರಲ್ಲಿ ಎರಡು ಬರ್ಡಿ, ಮುಖ ಮತ್ತೆ ಮುದುಡ್ತು. ನಾವು 14ನೇ ಗ್ರೀನ್ (ಗುಂಡಿ ಇರೋ ನುಣ್ಣನೆ ಹುಲ್ಲಿನ ಜಾಗ) ಹತ್ರ ಹೋಗಿ ಕಾದ್ವಿ, ಅಲ್ಲಿಗೆ ಬರೋ ಹೊತ್ತಿಗೆ 13ರಲ್ಲಿ ಇನ್ನೊಂದು ಡಬ್ಬಿ ಜಾಯ್ನ್ ಆಗಿತ್ತು. ಈ ಮನುಷ್ಯನಿಗೆ ಹೊಡೆಯೋ ಮುಂಚೆ ಕ್ಲಬ್ ಅಲ್ಲಾಡಿಸೋ ಚಟ, ಬಾಲ್ ನೋಡ್ತಾನೆ, ಅಲ್ಲಾಡಿಸ್ತಾನೆ, ಗುರಿ ನೋಡ್ತಾನೆ, ಮತ್ತೆ ಅಲ್ಲಾಡಿಸ್ತಾನೆ. ಅಪ್ಪ ಪ್ಯಾಸೆಂಜರ್ ತಲೆ ಎಣಿಸೋ ಥರ ತುಟಿ ಅಲ್ಲಾಡಿಸ್ಕೊಂಡು ಎಣಿಸ್ತಿದ್ರು, ಏಳು, ಎಂಟು, ಒಂಬತ್ತು. "ಇವನು ರೈಟ್ ಹೇಳೋ ಹೊತ್ತಿಗೆ ಹಿಂದಿನ ಬಸ್ಸು ಮುಂದೆ ಹೋಗಿರುತ್ತೆ" ಅಂದ್ರು. ಆದ್ರೆ ಗ್ರೀನ್ ಮೇಲೆ ಬಂದ್ಮೇಲೆ ಆಸಾಮಿ ಬೇರೆನೇ. ಆ ಕಡೆ ತುದೀಲಿ ಇದ್ದ ಬಾಲು, ಈ ಕಡೆ ಗುಂಡಿ, ಮಧ್ಯೆ ಒಂದು ಬಸ್ಸು ನಿಲ್ಲಿಸೋವಷ್ಟು ಜಾಗ. ಎರಡು ಛತ್ರಿ ಸಂದೀಲಿ ನನಗೆ ಕಂಡಿದ್ದು ಬಾಲ್ ಒದ್ದೆ ಹುಲ್ಲಲ್ಲಿ ನೀರು ಚಿಮ್ಮಿಸ್ಕೊಂಡು ಬರ್ತಾ ಇರೋದು, ಬಂತು, ಬಂತು, ನಿಂತೇ ಹೋಯ್ತೇನೋ ಅನ್ಸ್ತು, ಬಿತ್ತು. ಮುಂದಿನ ಹೋಲಲ್ಲೂ ಬರ್ಡಿ. ಅಲ್ಲಿಗೆ ಆಟ ಮುಗೀತು. ಕಿಚಾಯಿಸ್ತಿದ್ದ ಜನಾನೇ ಚಪ್ಪಾಳೆ ಹೊಡೆದ್ರು, ಇದನ್ನೂ ಹೇಳ್ಬೇಕು.

13 ಅಂಡರ್, ಆರು ಏಟಿನ ಗೆಲುವು. ಜಾನ್ ರಾಮ್ ಶನಿವಾರ 63 ಹೊಡೆದಿದ್ರೂ ಹಿಂದೆನೇ ಉಳಿದ, ಎರಡನೇ ಸ್ಥಾನಕ್ಕೆ ನಾಲ್ಕು ಜನ, ಅದರಲ್ಲಿ ಟಾಮ್ ಕಿಮ್ ಅನ್ನೋ ಹುಡುಗ ಕಾಲು ಉಳುಕಿಸ್ಕೊಂಡು ಕುಂಟ್ಕೊಂಡು ಆಡಿದ್ದು. ಹಾರ್ಮನ್ ಆ ವಾರ ಹತ್ತು ಅಡಿ ಒಳಗಿನ 59 ಪಟ್‌ಗಳಲ್ಲಿ (ಗ್ರೀನ್ ಮೇಲೆ ಗುಂಡಿ ಕಡೆ ಉರುಳಿಸೋ ಏಟು) ತಪ್ಪಿಸಿದ್ದು ಒಂದೇ ಒಂದು. ಎಡಗೈಯವರಲ್ಲಿ ಓಪನ್ ಗೆದ್ದ ಮೂರನೇ ಮನುಷ್ಯ, ಮುಂಚೆ 1963ರಲ್ಲಿ ಬಾಬ್ ಚಾರ್ಲ್ಸ್, 2013ರಲ್ಲಿ ಫಿಲ್ ಮಿಕೆಲ್ಸನ್. ಟಿವಿ ನೋಡಿದೋರು ಬೋರ್ ಫೈನಲ್ ಅಂತ ಬರೆದ್ರು. ಟಿವಿ ಮುಂದೆ ನಿಜ ಇರಬಹುದು. ಮಳೇಲಿ ನಿಂತು ಒಂಬತ್ತು ಸಲ ಕ್ಲಬ್ ಅಲ್ಲಾಡಿಸೋದನ್ನ ಉಸಿರು ಹಿಡ್ಕೊಂಡು ನೋಡಿದೋರಿಗೆ ಬೋರ್ ಆಗಲ್ಲ.

ನಾವು ತಪ್ಪು ಮಾಡಿದ್ದು ಒಂದು, 17ನೇ ಹೋಲಿಗೆ ತಡವಾಗಿ ಹೋದ್ವಿ. ಲಿಟಲ್ ಐ ಅಂತ ಹೊಸದಾಗಿ ಮಾಡಿದ ಹೋಲು, ಬರೀ 136 ಗಜ, ದಿಬ್ಬದ ಮೇಲೆ ಪುಟ್ಟ ಗ್ರೀನು, ಸುತ್ತ ಬಂಕರು, ಹಿಂದೆ ಸಮುದ್ರ, ದ್ವೀಪ, ಆಚೆ ವೇಲ್ಸ್ ಬೆಟ್ಟ. ನಮಗೆ ಕಂಡಿದ್ದು ಮಂಜು ಅಷ್ಟೆ. ಶುಕ್ರವಾರ ಟ್ರಾವಿಸ್ ಸ್ಮಿತ್ ಅನ್ನೋ ಆಸ್ಟ್ರೇಲಿಯಾದೋನು ಅಲ್ಲಿ ಒಂದೇ ಏಟಿಗೆ ಗುಂಡಿಗೆ ಹಾಕಿದ್ದ. ಚಿಕ್ಕ ಹೋಲಾದ್ರೆ ಮೊದಲ ಏಟು ಹೊಡೆಯೋ ಜಾಗದಿಂದ ಗುಂಡಿ ತನಕ ಪೂರ್ತಿ ಒಂದೇ ಕಡೆ ನಿಂತು ನೋಡಬಹುದು, ವಯಸ್ಸಾದೋರನ್ನ ಕರ್ಕೊಂಡು ಹೋದ್ರೆ ಬೆಳಿಗ್ಗೆನೇ ಹೋಗಿ ಇಂಥ ಕಡೆ ಸ್ಟ್ಯಾಂಡಲ್ಲಿ ಸೀಟು ಹಿಡ್ಕೊಳ್ಳಿ, ಎದ್ರೆ ಸೀಟು ಹೋಯ್ತು, ಟವೆಲ್ ಹಾಕಿ ರಿಸರ್ವ್ ಮಾಡೋ ನಮ್ಮ ಪದ್ಧತಿ ಅಲ್ಲಿ ನಡೆಯಲ್ಲ. ಅಪ್ಪ ಟ್ರೈ ಮಾಡಿದ್ರು.

18ರ ಹತ್ರ ಹಳದಿ ಬಣ್ಣದ ದೊಡ್ಡ ಸ್ಕೋರ್ ಬೋರ್ಡ್ ಇತ್ತು, ಆಗಲೂ ಅಕ್ಷರ ನಂಬರ್ ಎಲ್ಲಾ ಕೈಯಲ್ಲೇ ಜೋಡಿಸ್ತಿದ್ರು. ಅದರ ಮುಂದೆ ಅಪ್ಪ ತುಂಬಾ ಹೊತ್ತು ನಿಂತಿದ್ರು. ನಾನು ಫೋಟೋ ತೆಗೆಯೋದ್ರಲ್ಲಿ ಬಿಜಿ, ಅವರು ಪಟ್ಟಿ ತೆಗೆದು ತಾಳೆ ನೋಡ್ತಿದ್ರು.

ಮಾರ್ಕ್ಸ್ ಕೊಡಬೇಕು ಅಂದ್ರೆ ಐದಕ್ಕೆ ನಾಲ್ಕು. ಅರ್ಧ ಮಾರ್ಕ್ ಚಿಪ್ಸಿಗೆ ಕಟ್, ಅರ್ಧ ನಾವು ಹಾಳು ಮಾಡ್ಕೊಂಡ ಮೊದಲ ಮುಕ್ಕಾಲು ಗಂಟೆಗೆ. ಒಬ್ರೇ ಹೋಗೋದಾದ್ರೆ ಗುರುವಾರ ಇಲ್ಲ ಶುಕ್ರವಾರ ಹೋಗಿ, 156 ಜನಾನೂ ಆಡ್ತಿರ್ತಾರೆ, ಶುಕ್ರವಾರ ರಾತ್ರಿಗೆ ಮೊದಲ 70 ಸ್ಥಾನ ಮತ್ತು ಟೈ ಆದೋರು ಬಿಟ್ಟು ಮಿಕ್ಕೋರೆಲ್ಲ ಮನೆಗೆ. ಪಟ್ಟಿ ತಗೊಂಡು ಗೊತ್ತೇ ಇಲ್ಲದ ಒಂದು ಹೆಸರು ಹಿಡೀರಿ, ಮೂರು ಹೋಲು ಅವನ ಜೊತೆ ನಡೀರಿ. ಸರಿ ಹೋಗ್ಲಿಲ್ವಾ, ಹಿಂದಿನ ಗುಂಪು ಹತ್ತು ಹನ್ನೊಂದು ನಿಮಿಷಕ್ಕೆ ಬರುತ್ತೆ.

ವಾಪಸ್ ಬರುವಾಗ ಟ್ರೈನಲ್ಲಿ ಅಪ್ಪ ಒದ್ದೆ ಜಾಕೆಟ್ ಕಳಚಿ ಮಡಿಲಲ್ಲಿಟ್ಕೊಂಡು ಪಟ್ಟಿ ಬಿಡಿಸಿದ್ರು, ಹಾಳೆ ನೆನೆದು ನಾಲ್ಕು ತುಂಡಾಗಿತ್ತು. ಶರ್ಮಾ ಅಂತ ಇದ್ದ ತುಂಡು ಮಾತ್ರ ತೆಗೆದು ಕನ್ನಡಕದ ಬಾಕ್ಸಲ್ಲಿಟ್ಕೊಂಡ್ರು. ಎದುರು ಸೀಟಲ್ಲಿದ್ದ ಲಿವರ್‌ಪೂಲ್ ಅಜ್ಜಿ ಯಾರಿಗೆ ಸಪೋರ್ಟ್ ಮಾಡಿದ್ರಿ ಅಂತ ಕೇಳಿದ್ರು, ನಾನು ಬಾಯಿ ಬಿಡೋ ಮುಂಚೆ ಅಪ್ಪ "ಟ್ರ್ಯಾಕ್ಟರ್, ಟ್ರ್ಯಾಕ್ಟರ್" ಅಂದ್ರು. ಅಜ್ಜಿಗೆ ಏನು ಅರ್ಥ ಆಯ್ತೋ ಏನೋ, ತಲೆ ಆಡಿಸಿ ಬ್ಯಾಗಿಂದ ಎರಡು ಪೆಪ್ಪರ್‌ಮೆಂಟ್ ತೆಗೆದು ಕೊಟ್ರು.